ಮೂರು ಹೂಜಿಗಳಲ್ಲಿ ಒಂದು

ಸಂಜೆಯ ಬಾಂಗಿಗೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ಹೋಟೆಲಿನ ಅಡುಗೆಯವ ಸಾಸಿ ಕೆಂಡದ ಗುಂಡಿಯನ್ನು ಕೆದಕಿ ನೋಡಿದ. ನೋಡಿದವನು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಗುಂಡಿಯಲ್ಲಿ ಮೂರು ಹೂಜಿಗಳಿದ್ದವು. ಮೂರೂ ಒಂದೇ ಅಳತೆ, ಒಂದೇ ಬಣ್ಣ. ಮೂರರ ಬಾಯಿಗೂ ಮೆತ್ತಿದ ಹಿಟ್ಟು ಸುಟ್ಟು ಕರ್ರಗಾಗಿತ್ತು. ಅವುಗಳಲ್ಲಿ ಒಂದರ ಹಿಡಿಗೆ ಮಧ್ಯಾಹ್ನ ಅವನೇ ಕೈಯಾರೆ ಖರ್ಜೂರದ ಹಸಿ ಓಲೆಯ ಎಳೆಯೊಂದನ್ನು ಕಟ್ಟಿದ್ದ. ಈಗ ಮೂರು ಹಿಡಿಗಳೂ ಬೋಳಾಗಿದ್ದವು.

ಓಲೆಯನ್ನು ಬೆಂಕಿಗಿಟ್ಟರೆ ಸುಡುತ್ತದೆ ಎಂಬುದು ಮೂರು ವರ್ಷದ ಕೂಸಿಗೂ ಗೊತ್ತು. ಮೂವತ್ತು ವರ್ಷ ಬೆಂಕಿಯ ಮುಂದೆಯೇ ಬದುಕಿದ ಸಾಸಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಆದರೆ ಅದು ತಲೆಗೆ ಮಾತ್ರ. ಕೈಯ ಅಭ್ಯಾಸವೇ ಬೇರೆ. ಜೆರ್ಬಾ ದ್ವೀಪದ ಸಂತೆಯಲ್ಲಿ ಮೀನು ಹರಾಜಾಗುವುದು ಓಲೆಯ ಎಳೆಗೆ ಪೋಣಿಸಿದ ಸರಗಳಾಗಿ. ಕೊಂಡವರು ಸರವನ್ನು ಬೆರಳಿಗೆ ತೂಗುಹಾಕಿಕೊಂಡು ನೇರ ಹೋಟೆಲಿಗೆ ಬಂದು ಸುಟ್ಟುಕೊಡಿ ಅನ್ನುತ್ತಾರೆ. ಯಾರದು ಯಾವ ಮೀನು ಎಂದು ತಿಳಿಯಲು ಸಾಸಿ ಎಳೆಗೆ ಒಂದು ಗಂಟೋ ಎರಡು ಗಂಟೋ ಹಾಕುತ್ತಾನೆ. ಮೀನನ್ನು ಕೆಂಡಕ್ಕಿಡುವ ಮುಂಚೆ ಆ ಎಳೆ ಬಿಚ್ಚಿ ತಟ್ಟೆಯ ಮೇಲಿಡುತ್ತಾನೆ ಅನ್ನುವುದು ನಿಜ. ಆದರೆ ಇವತ್ತು ಅವನ ತಲೆ ತಲೆಯಲ್ಲಿರಲಿಲ್ಲ. ಗುರುತು ಅಂದಕೂಡಲೇ ಕೈ ತನ್ನ ಪಾಡಿಗೆ ಓಲೆ ಸೀಳಿ ಗಂಟು ಬಿಗಿದಿತ್ತು.

"ಏನಪ್ಪಾ, ಮೊಟ್ಟೆ ಇಡೋಕೆ ಕೂತ್ಯಾ ಅಲ್ಲಿ?" ಎಂದು ಬಾಗಿಲಿನಿಂದ ಕೂಗಿದ ತಿಜಾನಿ. ಅವನು ಈ ಹೋಟೆಲಿನ ಹಳೆಯ ಸಪ್ಲೈಯರ್. ಸಾಸಿಗಿಂತ ಎರಡು ವರ್ಷ ಮುಂಚೆ ಸೇರಿದವನು, ಅದನ್ನು ದಿನಕ್ಕೆರಡು ಸಲ ನೆನಪಿಸುವವನು. "ಮದಾಮ್ ಒಡೆಟ್ ಆಗ್ಲೇ ಬಂದು ಕೂತಾಗಿದೆ. ನನ್ನ ಹೂಜಿ, ನನ್ನ ಹೂಜಿ ಅಂತ ಶುರು ಮಾಡಿದ್ದಾಳೆ."

"ತಿಜಾನಿ, ಎಳೆ ಸುಟ್ಟುಹೋಗಿದೆ."

"ಯಾವ ಎಳೆ?"

"ಮದಾಮ್ ಹೂಜಿಗೆ ಕಟ್ಟಿದ್ದು."

ತಿಜಾನಿ ಬಗ್ಗಿ ನೋಡಿದ. ಸಾಸಿಯ ಮುಖ ನೋಡಿದ. ಮತ್ತೆ ಗುಂಡಿ ನೋಡಿದ. "ಅಯ್ಯೋ ನಿನ್ ಬುದ್ಧಿಗಿಷ್ಟು! ಕೆಂಡದಲ್ಲಿ ಹೂಳೋ ಹೂಜಿಗೆ ಓಲೆ ಕಟ್ಟಿದ್ಯಾ? ಸುಣ್ಣದ ಬೊಟ್ಟು ಇಡ್ತಿದ್ದೆಯಲ್ಲ ಪ್ರತಿ ವರ್ಷ?"

"ಸುಣ್ಣ ಮುಗಿದುಹೋಗಿತ್ತು. ಯಜಮಾನ್ರು ಎಲ್ಲಾ ಗೋಡೆಗೆ ಹೊಡೆಸಿಬಿಟ್ರು."

"ಗೋಡೆನೇ ಒಂದಿಷ್ಟು ಕೆರಕೊಂಡಿದ್ರೆ ಆಗ್ತಿರಲಿಲ್ವಾ ಮಾರಾಯ!"

ಆಗುತ್ತಿತ್ತು. ಆದರೆ ಬುದ್ಧಿ ಯಾವತ್ತೂ ಕೆಲಸ ಕೆಟ್ಟ ಮೇಲೇ ಬರುವ ನೆಂಟ.

ಕೆಟ್ಟದ್ದು ಏನೆಂದರೆ ಇದು. ಮದಾಮ್ ಒಡೆಟ್ ಮತ್ತು ಅವಳ ಗಂಡ ಇಪ್ಪತ್ತು ವರ್ಷದಿಂದ ಪ್ರತಿ ಬೇಸಿಗೆಯೂ ಫ್ರಾನ್ಸಿನಿಂದ ಬರುವವರು. ಹೂಜಿಯಲ್ಲೇ ಬೇಯಿಸಿ, ತಿನ್ನುವವರ ಮುಂದೆ ಹೂಜಿ ಒಡೆದು ಬಡಿಸುವ ಕುರಿಮಾಂಸ ಇಲ್ಲಿ ಎಲ್ಲರಿಗೂ ಸಿಗುತ್ತದೆ. ಅವರಿಗೆ ಮಾತ್ರ ಅದಕ್ಕೆ ಎರಡು ಲೋಟ ಕೆಂಪು ದ್ರಾಕ್ಷಾರಸ ಬಿದ್ದಿರಬೇಕು. ಸಾಸಿ ಕುಡಿಯುವವನಲ್ಲ, ಬಾಟಲಿ ಮುಟ್ಟುವವನೂ ಅಲ್ಲ. ಅವನು ಮಾಂಸ, ಆಲೂಗಡ್ಡೆ, ಟೊಮೇಟೊ, ಬೆಳ್ಳುಳ್ಳಿ, ಕೇಸರಿ ಎಲ್ಲ ತುಂಬಿ ಕೊನೆಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಸುರಿಯುವ ಕೆಲಸ ತಿಜಾನಿಯದು. ಆಮೇಲೆ ಸಾಸಿ ತಿರುಗಿ ಹೂಜಿಯ ಬಾಯಿಗೆ ಹಿಟ್ಟು ಮೆತ್ತುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಂದು ತಿಜಾನಿ ಪ್ರತಿ ವರ್ಷ ಆಡಿಕೊಳ್ಳುತ್ತಿದ್ದ.

ಉಳಿದೆರಡು ಹೂಜಿಗಳು ಗಲ್ಲಾಲಾ ಊರಿನ ಹಾಜಿ ಮಿಲಾದರ ಕಡೆಯವರಿಗೆ. ಇವತ್ತು ಅವರು ತಮ್ಮ ಮಗ ಅಯ್ಯೂಬನಿಗೆ ಸಾಸಿಯ ಮಗಳು ಜಾಝಿಯಾಳನ್ನು ಕೇಳಲು ಬರುತ್ತಿದ್ದರು.

ಈ ದಿನ ಬರಲು ಎರಡು ವರ್ಷ ಹಿಡಿದಿತ್ತು. ಹುಡುಗ ಹುಡುಗಿ ಒಪ್ಪಿ ಎಂದೋ ಆಗಿತ್ತು, ಒಪ್ಪದವರು ಹಾಜಿ. ಕುಂಬಾರಿಕೆಯ ಮನೆತನ, ಐದು ಹೊತ್ತಿನ ನಮಾಜು ತಪ್ಪದವರು. ಹೆಂಡ ಹರಿಯುವ ಹೋಟೆಲಿನ ಅಡುಗೆಯವನ ಮನೆಯಿಂದ ಸೊಸೆ ತರಲಾರೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಸಾಸಿಯ ಹೆಂಡತಿ ಸಲೂಹಾ ಬಿಡಲಿಲ್ಲ. ಹಾಜಿಯ ಅಕ್ಕನನ್ನು ಹಿಡಿದಳು, ಅವಳ ಮನೆಗೆ ಹತ್ತು ಸಲ ಹೋದಳು, ಅತ್ತಳು, ಜಗಳವಾಡಿದಳು, ಕೊನೆಗೆ ಒಂದು ಮಾತು ಕೊಟ್ಟು ಬಂದಳು: ಕುಡಿಯುವವರು ಕುಡಿದುಕೊಳ್ಳಲಿ, ನನ್ನ ಗಂಡನ ಒಲೆಗೆ ಅದರ ಒಂದು ಹನಿಯೂ ಸೋಕುವುದಿಲ್ಲ. ಆ ರಾತ್ರಿ ಮನೆಗೆ ಬಂದು, "ನಿಜ ತಾನೇ?" ಎಂದು ಸಾಸಿಯನ್ನು ಕೇಳಿದ್ದಳು. ಸಾಸಿ ಹೂಂ ಅಂದಿದ್ದ. ವರ್ಷಕ್ಕೊಂದು ಹೂಜಿ, ಅದೂ ತಾನು ನೋಡದೆ ಇರುವಾಗ ಬಿದ್ದದ್ದು, ಅದನ್ನೂ ಒಂದು ಲೆಕ್ಕ ಅನ್ನುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಹೋಟೆಲಿನ ಯಜಮಾನ ನೂರಿ, ಮಾತುಕತೆ ಇಲ್ಲೇ ಆಗಲಿ, ಊಟ ನನ್ನ ಕಡೆಯಿಂದ ಎಂದಿದ್ದ. ಹಾಜಿ ಅದಕ್ಕೆ ಒಪ್ಪಿದ್ದಕ್ಕೂ ಒಂದು ಕಾರಣವಿತ್ತು. ಈ ಹೂಜಿಗಳನ್ನು ಮಾಡುವವರು ಅವರೇ. ನಲವತ್ತು ವರ್ಷದಿಂದ ಮಾಡಿ ಮಾರುತ್ತಿದ್ದರೂ ತಮ್ಮ ಹೂಜಿಯನ್ನು ಊಟದ ಮೇಜಿನಲ್ಲಿ ಒಡೆಯುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಒಂದು ಸಲ ನೋಡಬೇಕು ಎಂದು ಹೇಳಿ ಕಳಿಸಿದ್ದರು. ನಾಳೆ ಬರಬೇಕಾಗಿದ್ದ ಮದಾಮ್ ಇವತ್ತೇ ಬಂದಿಳಿದದ್ದು ಸಾಸಿಯ ಹಣೆಬರಹ.

"ಒಂದು ಕೆಲಸ ಮಾಡು," ಎಂದ ತಿಜಾನಿ ದನಿ ತಗ್ಗಿಸಿ. "ಯಾವುದೋ ಒಂದು ಮದಾಮ್‌ಗೆ ಕೊಡು. ಎರಡು ಅವರಿಗೆ ಕೊಡು. ಬಾಯಿ ಮುಚ್ಕೊಂಡಿರು. ಗೊತ್ತಿಲ್ದೆ ತಿಂದ್ರೆ ಪಾಪ ಇಲ್ಲ."

"ಅವ್ರಿಗೆ ಗೊತ್ತಿಲ್ಲ. ನನಗೆ ಗೊತ್ತಲ್ಲ?"

"ನಿನಗೂ ಗೊತ್ತಿಲ್ಲ, ಯಾವುದು ಅಂತ!"

"ಒಡೆದಾಗ ವಾಸನೆ ಬಂದ್ರೆ?"

"ನಾಲ್ಕು ಗಂಟೆ ಬೆಂದಿದೆಯಪ್ಪಾ. ಮೂವತ್ತು ವರ್ಷದಿಂದ ಅದರ ಜೊತೆ ಸ್ನೇಹ ಇಟ್ಕೊಂಡೋನು ನಾನು, ನನಗೇ ಗೊತ್ತಾಗಲ್ಲ. ಹೋದ ವರ್ಷ ಮದಾಮ್‌ಗೇ ಗೊತ್ತಾಗ್ಲಿಲ್ಲ, ಹಾಕಿದ್ದೀಯಾ ಇಲ್ವಾ ಅಂತ ನನ್ನನ್ನ ಕೇಳಿದ್ಲು."

ಸಾಸಿ ಇನ್ನೊಂದು ದಾರಿ ಹುಡುಕಿದ. ಮೂರನ್ನೂ ಇಲ್ಲೇ ಒಡೆದು ನೆಲಕ್ಕೆ ಸುರಿದು, ಸುಟ್ಟು ಕರಕಲಾಯಿತು ಎಂದುಬಿಡಬಹುದಿತ್ತು. ಆಗ ಹಾಜಿಯ ಮುಂದೆ ಮೀನು ಇಡಬಹುದು. ಮೀನು ಚೆನ್ನಾಗಿಯೇ ಇದೆ. ಆದರೆ ನಲವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಹೂಜಿ ನೋಡಲು ಬಂದವರಿಗೆ ಅಡುಗೆ ಸುಟ್ಟಿತು ಅಂದರೆ ಅದೇನು ಶುಭವೇ? ಅದೂ ಸುಳ್ಳೇ. ಒಂದು ಸುಳ್ಳಿಗೆ ಇನ್ನೊಂದನ್ನು ಆಸರೆ ನಿಲ್ಲಿಸುತ್ತ ಹೋದರೆ ಮಗಳ ಮದುವೆಯೆಂಬ ಮನೆ ಎಷ್ಟು ದಿನ ನಿಂತೀತು ಎಂದು ಅವನಿಗೆ ಹೆದರಿಕೆಯಾಯಿತು. ನಿಜ ಹೇಳಿದರಂತೂ ಮನೆ ಕಟ್ಟುವ ಮಾತೇ ಇಲ್ಲ.

ಹಿತ್ತಲಿಗೆ ಡೋಲಿನವರು ಬಂದರು. ಪ್ರತಿ ಸಂಜೆಯಂತೆ ಡೋಲುಗಳ ಚರ್ಮವನ್ನು ಅವನ ಕೆಂಡದ ಕಾವಿಗೆ ಹಿಡಿದು ಬಿಗಿ ಮಾಡಿಕೊಂಡರು. "ಸಾಸಿಯಣ್ಣಾ, ಇವತ್ತು ಮೊದಲ ಪೆಟ್ಟು ನಿನ್ನ ಮಗಳಿಗೆ!" ಎಂದು ಅವರಲ್ಲೊಬ್ಬ ಬೆನ್ನು ತಟ್ಟಿದ. ಸಾಸಿ ನಗಲು ನೋಡಿದ, ಮುಖ ಒಪ್ಪಲಿಲ್ಲ.

ಬಾಂಗಾಯಿತು. ಸಮುದ್ರದ ಕಡೆಯ ಅಂಗಳದಲ್ಲಿ ಬಣ್ಣದ ಬಲ್ಬುಗಳು ಹೊತ್ತಿಕೊಂಡವು. ಬಿಸಿಲಿಗೆ ಕೆಂಪಾದ ಭುಜಗಳ ವಿದೇಶಿಯರು ಒಬ್ಬೊಬ್ಬರಾಗಿ ಬಂದು ಕೂತು, ತಣ್ಣಗಿನದು ತರಿಸಿಕೊಂಡರು. ನಮಾಜು ಮುಗಿಸಿ ಹಾಜಿ ಮಿಲಾದ್ ಬಂದರು. ಬಿಳಿ ನಿಲುವಂಗಿ, ಕೆಂಪು ಟೋಪಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಜೇಡಿ. ಜೊತೆಗೆ ಅವರ ತಮ್ಮ ಸಅದ್, ಊರಿನ ಇಬ್ಬರು ಹಿರಿಯರು, ಹಿಂದೆ ತಲೆ ತಗ್ಗಿಸಿ ಅಯ್ಯೂಬ್. ಯಜಮಾನ ನೂರಿ ಅವರನ್ನು ಹಿತ್ತಲಿಗೆ ಹತ್ತಿರದ, ಬಾಟಲಿಗಳ ಸದ್ದು ಕೇಳಿಸದ ಮೂಲೆಯಲ್ಲಿ ಕೂರಿಸಿದ. ಹೆಂಗಸರು ಒಳಗಿನ ಕೋಣೆಯಲ್ಲಿ ಕೂತರು. ಕಿಟಕಿಯ ಪರದೆ ಆಗಾಗ ಅಲ್ಲಾಡುತ್ತಿತ್ತು.

ಸಲೂಹಾ ಅಡುಗೆಮನೆಗೆ ಓಡಿಬಂದಳು. ಮೈತುಂಬ ಮಲ್ಲಿಗೆ, ಮುಖತುಂಬ ಬೆವರು. "ಇನ್ನೂ ಯಾಕೆ ತಂದಿಲ್ಲ? ಹಾಜಿಯವರ ಅಕ್ಕ ನನ್ನ ಕೈ ಹಿಡ್ಕೊಂಡು ಬಿಡ್ತಾನೇ ಇಲ್ಲ, ಅಷ್ಟು ಖುಷಿಯಾಗಿದ್ದಾಳೆ. ಏನಾಯ್ತು ನಿಮ್ಮ ಮುಖಕ್ಕೆ?"

ಸಾಸಿ ಹೇಳಿದ. ಒಂದೂ ಬಿಡದೆ ಹೇಳಿದ. ಸಲೂಹಾ ಅಲ್ಲಿದ್ದ ಈರುಳ್ಳಿ ಚೀಲದ ಮೇಲೆ ಕೂತಳು.

"ಅವತ್ತು ಹೂಂ ಅಂದ್ರಲ್ಲ ನೀವು."

"ಅಂದೆ."

"ಎರಡು ವರ್ಷ. ಎರಡು ವರ್ಷ ನಾನು ಆ ಮುದುಕಿ ಕಾಲು ಒತ್ತಿದ್ದೀನಿ, ಗೊತ್ತಾ? ನಿಜವಾಗ್ಲೂ ಒತ್ತಿದ್ದೀನಿ. ಎಣ್ಣೆ ಹಚ್ಚಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೂ ಅವರ ತಟ್ಟೆಗೆ ಅದನ್ನ ಬಡಿಸಬೇಡಿ. ನಂಬಿ ಬಂದು ಕೂತಿದ್ದಾರೆ" ಎಂದಳು. ಎದ್ದು ಒಳಗೆ ಹೋಗಿಬಿಟ್ಟಳು.

ಸಾಸಿ ಕೈ ತೊಳೆದುಕೊಂಡ, ಏಪ್ರನ್ ಬಿಚ್ಚಿಟ್ಟ, ಹೊರಗೆ ಹೋದ. ಹಾಜಿ ಮಿಲಾದ್ ಕೈಯಲ್ಲಿ ಹೂಜಿ ಒಡೆಯುವ ಪುಟ್ಟ ಸುತ್ತಿಗೆ ಹಿಡಿದುಕೊಂಡು, ಅದರ ತೂಕ ನೋಡುತ್ತ, ಮಗುವಿನ ಹಾಗೆ ನಗುತ್ತಿದ್ದರು.

"ಬಾರಪ್ಪಾ ಸಾಸಿ! ಎಲ್ಲಿ ನನ್ನ ಹೂಜಿಗಳು? ಎಲ್ಲಿಗೆ ಹೊಡೀಬೇಕು, ಹೊಟ್ಟೆಗೋ ಕೊರಳಿಗೋ?"

"ಹಾಜಿ," ಎಂದ ಸಾಸಿ. "ಹೊಡೆಯೋಕೆ ಮುಂಚೆ ನನ್ನದೊಂದು ಮಾತಿದೆ. ನನ್ನ ಒಲೆಗೆ ಒಂದು ಹನಿಯೂ ಸೋಕೋದಿಲ್ಲ ಅಂತ ನಿಮಗೆ ಮಾತು ಬಂದಿತ್ತು. ಅದು ಸುಳ್ಳು. ವರ್ಷಕ್ಕೊಂದು ಹೂಜಿಗೆ ಹಾಕ್ತೀವಿ. ನನ್ನ ಹೆಂಡ್ತಿಗೆ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿಲ್ಲ. ತಪ್ಪು ನನ್ನದೊಬ್ಬಂದೇ. ಈ ವರ್ಷದ್ದು ಇವತ್ತೇ ಬಿದ್ದಿದೆ, ನಿಮ್ಮ ಎರಡರ ಜೊತೆ ಅದೇ ಗುಂಡಿಯಲ್ಲಿದೆ. ಗುರುತು ತಪ್ಪಿಹೋಗಿದೆ. ಯಾವುದು ಅಂತ ನನಗೆ ಗೊತ್ತಿಲ್ಲ."

ಅಂಗಳದ ಆ ಕಡೆ ಡೋಲು ಏನೂ ಅರಿಯದೆ ಮೊಳಗುತ್ತಿತ್ತು. ಸಅದ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಾನು ಮೊದಲೇ ಹೇಳಿರಲಿಲ್ವಾ ಅಣ್ಣಾ? ನಡೀರಿ ಹೋಗೋಣ." ಹಿರಿಯರಿಬ್ಬರೂ ಚಪ್ಪಲಿ ಹುಡುಕಿಕೊಂಡರು. ಅಯ್ಯೂಬನ ಮುಖ ನೋಡುವ ಧೈರ್ಯ ಸಾಸಿಗೆ ಬರಲಿಲ್ಲ. ಕಿಟಕಿಯ ಪರದೆ ಅಲ್ಲಾಡದೆ ನಿಂತಿತ್ತು. ಆ ಪರದೆಯ ಹಿಂದೆ ತನ್ನ ಮಗಳು ನಿಂತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಸಿದವನೂ ಅಪ್ಪನೇ.

ಹಾಜಿ ಮಾತ್ರ ಕೂತೇ ಇದ್ದರು. "ಗುರುತು ತಪ್ಪಿತು ಅಂದ್ಯಲ್ಲ. ಏನು ಗುರುತು ಮಾಡಿದ್ದೆ?"

"ಹಿಡಿಗೆ ಖರ್ಜೂರದ ಓಲೆ ಕಟ್ಟಿದ್ದೆ."

"ಯಾವಾಗ? ಕೆಂಡದಿಂದ ತೆಗೆದ ಮೇಲೆ?"

"ಇಲ್ಲ. ಇಡೋಕೆ ಮುಂಚೆ."

ಹಾಜಿ ಕಣ್ಣು ಕಿರಿದು ಮಾಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೆಂಕಿಗೆ ಹೋಗೋ ಹೂಜಿಗೆ ಓಲೆ ಕಟ್ಟಿದೆ."

"ಕಟ್ಟಿದೆ."

"ನೀನು ಅಡುಗೆಯವನು."

"ಹೌದು ಹಾಜಿ."

"ಹಸಿ ಓಲೆಯೋ ಒಣಗಿದ್ದೋ?"

"ಹಸೀದು. ಮಧ್ಯಾಹ್ನ ಮರದಿಂದ ಸೀಳಿಕೊಂಡೆ."

"ಬಿಗಿಯಾಗಿ ಕಟ್ಟಿದ್ಯಾ, ಸಡಿಲವಾಗಿ?"

"ಬಿಗಿಯಾಗೇ. ಎರಡು ಸುತ್ತು."

ಹಾಜಿ ಸುತ್ತಿಗೆ ಕೆಳಗಿಟ್ಟು ಎದ್ದರು. ಎಲ್ಲರೂ ಅವರು ಹೊರಟರೆಂದೇ ಅಂದುಕೊಂಡರು. ಅವರು ಹಿತ್ತಲಿಗೆ ನಡೆದು, ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಂಡದ ಗುಂಡಿಯ ಮುಂದೆ ಕೂತರು. "ಒಂದು ದಪ್ಪ ಬಟ್ಟೆ ತಾ. ಒಣಗಿದ್ದು. ಒದ್ದೆ ತಂದ್ರೆ ಮೂರೂ ಬಿರಿದು ನಮ್ಮ ಮುಖಕ್ಕೆ ಸಿಡಿಯುತ್ತೆ. ಒಂದು ದೀಪವೂ ಬೇಕು."

ತಿಜಾನಿ ಬಟ್ಟೆ ತಂದ. ಸಾಸಿ ಮೂರು ಹೂಜಿಗಳನ್ನೂ ಬೂದಿಯಿಂದೆತ್ತಿ ಸಾಲಾಗಿ ಮರಳಿನ ಮೇಲಿಟ್ಟ. ಹಿಂದಿನಿಂದ ಸಅದ್, ಹಿರಿಯರು, ಯಜಮಾನ ನೂರಿ, ಎಲ್ಲರೂ ಬಂದು ಸುತ್ತ ನಿಂತರು. ಡೋಲಿನವರೂ ಬಾರಿಸುವುದು ನಿಲ್ಲಿಸಿ ಕತ್ತು ಚಾಚಿದರು.

"ಗೂಡಿಗೆ ಇಡೋವಾಗ ಕಟ್ಟಿದ ನಾರು ಹಿಡಿಯಲ್ಲೇ ಉಳಿದುಬಿಟ್ರೆ ಆ ಮಡಕೆ ಮಾರೋಕಾಗಲ್ಲ," ಎಂದು ಹಾಜಿ ಯಾರಿಗೂ ಅಲ್ಲದ ಹಾಗೆ ಹೇಳುತ್ತ ಮೊದಲ ಹೂಜಿಯ ಹಿಡಿಯನ್ನು ತಿಕ್ಕತೊಡಗಿದರು. "ನಾರು ಸುಟ್ಟು ಹೋಗುತ್ತೆ. ರಸ ಮಾತ್ರ ಮಣ್ಣಿಗಿಳಿದು ಕೂತುಬಿಡುತ್ತೆ. ನನ್ನಪ್ಪ ಇದಕ್ಕೇ ನನಗೆ ಎಷ್ಟು ಹೊಡೆದಿದ್ದಾನೋ." ಬೂದಿ ಉದುರಿತು. ಹಿಡಿ ಉದ್ದಕ್ಕೂ ತಿಳಿ ಕೆಂಪಾಗಿ ಹೊರಬಂತು. ಅವರು ಅದನ್ನು ಬಲಕ್ಕೆ ಸರಿಸಿದರು.

ಎರಡನೆಯದನ್ನು ತಿಕ್ಕಿದರು. ತಿಳಿ ಕೆಂಪು. ಬಲಕ್ಕೆ.

ಮೂರನೆಯದನ್ನು ತಿಕ್ಕುವಾಗ ಸಾಸಿ ದೀಪ ಹಿಡಿದ. ಬೂದಿ ಉದುರಿತು, ಮಸಿ ಉದುರಿತು. ದೀಪ ಹತ್ತಿರ ತಂದಾಗ ಹಿಡಿಯ ನಡುವೆ, ದಾರದಷ್ಟು ಸಣ್ಣಗೆ, ಒಂದರ ಪಕ್ಕ ಒಂದು, ಕಂದು ಬಣ್ಣದ ಎರಡು ಗೆರೆಗಳು ಕಂಡವು. ಹಾಜಿ ಉಗುರಿನಿಂದ ಕೆರೆದರು. ಗೆರೆ ಹೋಗಲಿಲ್ಲ.

"ಎರಡು ಸುತ್ತು ಅಂದ್ಯಲ್ಲ," ಎಂದರು. "ಇಗೋ ಎರಡು. ಇದು ನಿನ್ನ ಮದಾಮ್‌ದು. ಅವೆರಡು ನಮ್ಮವು."

ಸಂಜೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದು ಸಾಸಿಗೆ ಅಳುವೇ ಬಂದುಬಿಟ್ಟಿತು. ಬಡಿಸಬಾರದ್ದನ್ನು ಬಡಿಸಲಿಲ್ಲ, ಅಷ್ಟು ಸಾಕು ಅನ್ನಿಸಿತು. ಮದುವೆಯ ಮಾತು ಕೇಳಲು ಬಾಯಿ ಬರಲಿಲ್ಲ.

ಕೇಳಿದವನು ಸಅದ್. "ಹೂಜಿ ಸಿಕ್ತು ಸರಿ. ಸುಳ್ಳು ಹೇಳಿದ್ದು?"

ಹಾಜಿ ಮರಳಿನ ಮೇಲೆಯೇ ಕೂತಿದ್ದರು. ಬೂದಿಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಸಾಸಿ, ನೀನು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ ಹಾಜಿ."

"ಹೇಳಿದ್ರೆ ನಾವು ಎದ್ದು ಹೋಗ್ತೀವಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಹಾಜಿ ತಮ್ಮನ ಕಡೆ ತಿರುಗಿದರು. "ಸಅದ್, ಈ ತೀರದ ಹೋಟೆಲುಗಳಿಗೆ ವರ್ಷಕ್ಕೆ ಎಷ್ಟು ಹೂಜಿ ಕೊಡ್ತೀವಿ ನಾವು?"

"ಎರಡು ಸಾವಿರ ಆಗಬಹುದು."

"ನಲವತ್ತು ವರ್ಷ ಕೊಟ್ಟಿದ್ದೀನಿ. ಅದರೊಳಗೆ ಏನು ಹಾಕ್ತೀರಪ್ಪಾ ಅಂತ ಒಂದು ದಿನ ಕೇಳಿದ್ದೀನಾ? ಕೇಳಿಲ್ಲ. ಕೇಳಿದ್ರೆ ಉತ್ತರ ಬರುತ್ತೆ ಅಂತ ಕೇಳಿಲ್ಲ. ಇವನು ಒಂದು ಹೂಜಿ ಬಚ್ಚಿಟ್ಟ, ಅದನ್ನೂ ಇಟ್ಟುಕೊಳ್ಳೋಕಾಗದೆ ಮಗಳ ಮದುವೆ ಪಣಕ್ಕಿಟ್ಟು ಬಂದು ಹೇಳಿದ. ನಾನು ಸಾವಿರಾರು ಬಚ್ಚಿಟ್ಟುಕೊಂಡು ಇವನ ಮನೆ ಶುದ್ಧವೋ ಅಲ್ವೋ ಅಂತ ಎರಡು ವರ್ಷ ವಿಚಾರಣೆ ಮಾಡಿದೆ." ಆಮೇಲೆ ಮಗನ ಕಡೆ ತಿರುಗಿದರು. "ಏನೋ ಅಯ್ಯೂಬ್, ಹುಡುಗಿ ಅಪ್ಪನ ಹಾಗಿದ್ದಾಳೋ?"

ಅಯ್ಯೂಬ್ ಗಾಬರಿಯಾಗಿ, "ಹೌದು ಬಾಬಾ" ಎಂದ.

"ಓಲೆ ಕಟ್ಟೋ ವಿಷಯದಲ್ಲಲ್ಲ ತಾನೇ?"

ಮೊದಲು ನಕ್ಕವನು ತಿಜಾನಿ. ಆಮೇಲೆ ಡೋಲಿನವರು, ಹಿರಿಯರು. ಕೊನೆಗೆ ಸಅದನೂ ತಡೆಯಲಾರದೆ ಮೀಸೆಯಡಿ ನಕ್ಕುಬಿಟ್ಟ. ಹಾಜಿ ಅಲ್ಲೇ, ಬೂದಿಯ ಗುಂಡಿಯ ಪಕ್ಕದಲ್ಲೇ, ಎರಡೂ ಅಂಗೈ ಎತ್ತಿ, ಮದುವೆ ನಿಶ್ಚಯವಾದಾಗ ಓದುವ ಫಾತಿಹಾ ಓದತೊಡಗಿದರು. ಎಲ್ಲರ ಕೈಗಳೂ ಮೇಲೆದ್ದವು. ಸಾಸಿ ಕೈಯೆತ್ತಿದ, ಆದರೆ ಹುಟ್ಟಿದಾಗಿನಿಂದ ಬಾಯಿಗೆ ಬರುವ ಏಳು ಸಾಲುಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ. ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು.

ಓದಿ ಮುಗಿದು ಅಂಗೈಗಳು ಮುಖ ಸವರಿಕೊಂಡದ್ದೇ ತಡ, ಕಿಟಕಿಯ ಪರದೆಯ ಹಿಂದಿನಿಂದ ಹೆಂಗಸರು ನಾಲಿಗೆ ಆಡಿಸಿ ಹಾಕುವ ಸಂಭ್ರಮದ ಕೂಗು, ಉಲುಲು, ಎದ್ದಿತು. ಎಲ್ಲಕ್ಕಿಂತ ಮೇಲೆ ಕೇಳಿಸಿದ್ದು ಸಲೂಹಾಳ ದನಿ. ಡೋಲು ಬಿತ್ತು. ಏನೆಂದು ತಿಳಿಯದೆ ಅಂಗಳದ ವಿದೇಶಿಯರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಾಸಿ ಎರಡು ಹೂಜಿಗಳನ್ನು ಎತ್ತಿಕೊಂಡು ಮೇಜಿಗೆ ತಂದಿಟ್ಟ. ಹಾಜಿ ಸುತ್ತಿಗೆ ಎತ್ತಿದರು. ಎತ್ತಿದ ಕೈ ಮೇಲೆಯೇ ನಿಂತಿತು.

"ಆಗ್ತಿಲ್ಲ ಕಣೋ," ಎಂದರು ಮೆಲ್ಲಗೆ. "ಮಾಡಿದ ಕೈ. ನೀನೇ ಒಡೆದುಬಿಡು."

"ನನ್ನಿಂದ ಇವತ್ತು ಆಗಲ್ಲ ಹಾಜಿ. ಇದು ಓಲೆ ಕಟ್ಟಿದ ಕೈ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಾಜಿ ಸುತ್ತಿಗೆಯನ್ನು ಕಿಟಕಿಯ ಕಡೆ ಚಾಚಿ, "ಜಾಝಿಯಾ! ಬಾ ಮಗಳೇ ಇಲ್ಲಿ!" ಎಂದು ಗಟ್ಟಿಯಾಗಿ ಕರೆದರು.